ದಪ್ಪ ಟೈರು, ದೊಡ್ಡ ಗಾಲಿ: ಐದು ತಪ್ಪು ಕಲ್ಪನೆ

ಹಡಗಲಿ ತಾಲ್ಲೂಕಿನ ಮಾಗಳ ತುಂಗಭದ್ರೆಯ ದಂಡೆಯ ಊರು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಮರಳು ಹೊರಬೀಳುತ್ತದೆ. ದಂಡೆ ಹತ್ತಿದರೆ ಎರೆಹೊಲ, ಅದರಾಚೆ ಕಾದ ಡಾಂಬರು. ಕೂಡ್ಲಿಗಿ ಕಡೆ ಹೋದರೆ ಕೆಂಪು ಮಸಾರಿ. ಇಂಥ ನೆಲಕ್ಕೆ ಈಗ ಫ್ಯಾಟ್ ಬೈಕ್ ಬಂದಿದೆ. ಹುಡುಗರ ಬಾಯಲ್ಲಿ ಅದು ‘ದಪ್ಪ ಟೈರಿನ ಸೈಕಲ್’. ಸಾಮಾನ್ಯವಾಗಿ ಅದಕ್ಕಿರುವುದು 26 ಇಂಚಿನ ರಿಮ್ಮು, 4 ಇಂಚಿನ ಟೈರು. ಒಂದು ವರ್ಷ ತುಳಿದ ಮೇಲೆ ಆಸೆ ಶುರುವಾಗುತ್ತದೆ: ಬೇಸಿಗೆಗೆಂದು ಇನ್ನೊಂದು ಜೊತೆ ದೊಡ್ಡ ಗಾಲಿ ಮಾಡಿಸಿದರೆ ಹೇಗೆ? ದುಡ್ಡು ತೆಗೆಯುವ ಮೊದಲು ಐದು ಮಾತುಗಳನ್ನು ಒರೆಗೆ ಹಚ್ಚಿ ನೋಡೋಣ.

ತಪ್ಪು ಕಲ್ಪನೆ 1: “29ರ ಗಾಲಿ ಅಂದ್ರ 26ಕ್ಕಿಂತ ದೊಡ್ಡದು.”

ಸತ್ಯ: 26, 29 ಎಂಬುವು ಹಳೇ ರೂಢಿಯ ಹೆಸರುಗಳು. ನಂಬಬೇಕಾದದ್ದು ಟೈರಿನ ಪಕ್ಕದಲ್ಲಿ ಸಣ್ಣದಾಗಿ ಅಚ್ಚಾಗಿರುವ ಮಿಲಿಮೀಟರ್ ಅಂಕಿ. ಟೈರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 26ಕ್ಕೆ 559, 27.5ಕ್ಕೆ 584, 29ಕ್ಕೆ 622. ಇದಕ್ಕೆ ಟೈರಿನ ಎತ್ತರವನ್ನು ಮೇಲೊಮ್ಮೆ, ಕೆಳಗೊಮ್ಮೆ ಕೂಡಿಸಿ. 26ರ ರಿಮ್ಮಿಗೆ 4 ಇಂಚಿನ ಟೈರು ಹಾಕಿದರೆ ಸುಮಾರು 762 ಮಿ.ಮೀ. 29ಕ್ಕೆ 2.4 ಇಂಚಿನದು ಹಾಕಿದರೆ 744. ಅಂದರೆ ‘ದೊಡ್ಡದು’ ಎಂದು ತಂದದ್ದು ಮೊದಲಿದ್ದದ್ದಕ್ಕಿಂತ ಸಣ್ಣದಾಯಿತು. ಪೆಡಲಿನ ಅಚ್ಚು ನೆಲಕ್ಕೆ 9 ಮಿ.ಮೀ. ಹತ್ತಿರ ಬಂತು. 29ಕ್ಕೆ 3 ಇಂಚಿನದಾದರೆ 774, ಹೆಚ್ಚಾದದ್ದು ಬರೀ 12. ನಿಜಕ್ಕೂ ದೊಡ್ಡದಾಗುವುದು 27.5ಕ್ಕೆ 4 ಇಂಚಿನ ಟೈರು ಹಾಕಿದಾಗ: 787. ಕಂಪನಿ, ರಿಮ್ಮಿನ ಅಗಲ, ಗಾಳಿಯ ಒತ್ತಡ ಬದಲಾದಂತೆ ಇವು ಕೊಂಚ ಆಚೀಚೆ ಆಗುತ್ತವೆ. ಆದ್ದರಿಂದ ಹೆಸರು ಕೇಳಬೇಡಿ, ಟೇಪು ಹಿಡಿಯಿರಿ.

ತಪ್ಪು ಕಲ್ಪನೆ 2: “ಗಾಲಿ ದೊಡ್ಡದಾದ್ರ ಸ್ಪೀಡ್ ತಾನಾಗೇ ಬರ್ತೈತಿ.”

ಸತ್ಯ: ಗಾಲಿ ದೊಡ್ಡದಾದಷ್ಟೂ ಒಂದು ಸುತ್ತಿಗೆ ಸಾಗುವ ದೂರ ಹೆಚ್ಚುತ್ತದೆ, ಕಾಲಿಗೆ ಬೀಳುವ ಭಾರವೂ ಅಷ್ಟೇ ಹೆಚ್ಚುತ್ತದೆ. 762ರಿಂದ 787ಕ್ಕೆ ಹೋದರೆ ಗೇರು ಶೇ 3ರಷ್ಟು ಬಿಗಿಯಾಗುತ್ತದೆ. ಎದುರುಗಾಳಿಯಲ್ಲಿ ಇದು ಲಾಭವಲ್ಲ, ಸಾಲ. ದೊಡ್ಡ ಗಾಲಿಯ ನಿಜವಾದ ಗುಣ ಗುಂಡಿ ದಾಟುವುದು. ಮೈಲಾರದ ಜಾತ್ರೆಗೆ ಹೊರಡುತ್ತಿದ್ದ ಮರದ ಗಾಲಿಯ ಬಂಡಿ ಹಳ್ಳದ ಕಲ್ಲನ್ನು ಹತ್ತಿಳಿದು ಹೋಗುತ್ತಿದ್ದದ್ದು ಗಾಲಿಯ ಎತ್ತರದಿಂದ. ಆದರೆ ಎತ್ತಿನ ಹೆಗಲು ಹಗುರ ಮಾಡಿದ್ದು ಆಮೇಲೆ ಬಂದ ಗಿಡ್ಡ ಗಾಲಿಯ ಟೈರ್ ಗಾಡಿ. ಡಾಂಬರಿನ ಮೇಲೆ ಸೈಕಲ್ ಹಗುರ ಎನಿಸುವುದೂ ಹಾಗೆಯೇ: ರಬ್ಬರಿನ ತೂಕ ಇಳಿದಾಗ, ದೊಡ್ಡ ಗುಬ್ಬಿಗಳ ಬದಲು ನಯವಾದ ಮೇಲ್ಮೈ ಬಂದಾಗ. ವ್ಯಾಸ ಹೆಚ್ಚಿದ್ದಕ್ಕಲ್ಲ. ರಿಮ್ಮು ಹಾಗೇ ಇರಲಿ, ನುಣುಪು ಟೈರು ಮಾತ್ರ ಬದಲಿಸಿದರೂ ಆ ಲಾಭದಲ್ಲಿ ದೊಡ್ಡ ಪಾಲು ಕಡಿಮೆ ಖರ್ಚಿನಲ್ಲೇ ಕೈಗೆ ಬರುತ್ತದೆ.

ತಪ್ಪು ಕಲ್ಪನೆ 3: “ಬಿಸಿಲಿಗೆ ಟೈರ್ ಸಿಡಿತಾವ, ಅದಕ್ಕ ಗಾಳಿ ಕಡಿಮಿ ಇರಬೇಕು.”

ಸತ್ಯ: 25 ಡಿಗ್ರಿಯಲ್ಲಿ 20 ಪಿಎಸ್‌ಐ ಗಾಳಿ ತುಂಬಿ ಸೈಕಲನ್ನು ಬಿಸಿಲಲ್ಲಿ ನಿಲ್ಲಿಸಿ. ಒಳಗಿನ ಗಾಳಿ 45 ಡಿಗ್ರಿಗೆ ಕಾದರೂ ಒತ್ತಡ ಏರುವುದು 2 ಪಿಎಸ್‌ಐ ಚಿಲ್ಲರೆ. ಅಷ್ಟಕ್ಕೇ ಒಳ್ಳೆಯ ಟೈರು ಸಿಡಿಯುವುದಿಲ್ಲ. ಸಿಡಿಯುವುದು ಬಿಸಿಲಿಗೆ ಬಿರುಕು ಬಿಟ್ಟ ಹಳೇ ರಬ್ಬರು, ರಿಮ್ಮಿನಡಿ ಸಿಕ್ಕಿಕೊಂಡ ಟ್ಯೂಬು, ಇಲ್ಲವೇ ಪೆಟ್ರೋಲ್ ಬಂಕಿನಲ್ಲಿ ಕಾರಿಗೆ ಹಿಡಿದಂತೆ ಹಿಡಿದ ಗಾಳಿ. 4 ಇಂಚಿನ ಟೈರಿಗೆ ಮರಳಿನಲ್ಲಿ 6ರಿಂದ 8, ಡಾಂಬರಿನಲ್ಲಿ 15ರಿಂದ 20 ಸಾಕು. ಟೈರಿನ ಪಕ್ಕದಲ್ಲಿ ಬರೆದ ಮಿತಿಯನ್ನು ಮೀರಬಾರದು. ತೀರಾ ಇಳಿಸಿದರೂ ರಿಮ್ಮು ಕಲ್ಲಿಗೆ ಬಡಿಯುತ್ತದೆ.

ತಪ್ಪು ಕಲ್ಪನೆ 4: “ಇಷ್ಟು ದಪ್ಪ ಟೈರಿಗೆ ಮುಳ್ಳು ಎಲ್ಲಿ ಚುಚ್ಚತೈತಿ?”

ಸತ್ಯ: ದಪ್ಪ ಇರುವುದು ಗಾಳಿ, ರಬ್ಬರಲ್ಲ. ಬಳ್ಳಾರಿ ಜಾಲಿಗೆ ನಮ್ಮ ಸೀಮೆಯ ಹೆಸರೇ ಅಂಟಿದೆ. ಅದರ ಒಣಮುಳ್ಳು ಚಪ್ಪಲಿಯನ್ನೇ ದಾಟಿ ಕಾಲಿಗೆ ನಾಟುತ್ತದೆ. ಕಾಲುದಾರಿಯ ನೆಗ್ಗಿಲು ಮುಳ್ಳಂತೂ ಹೇಗೆ ಬಿದ್ದರೂ ಒಂದು ಮೊನೆಯನ್ನು ಮೇಲಕ್ಕೆತ್ತಿಯೇ ಕೂತಿರುತ್ತದೆ. ಅಗಲ ಟೈರು ಹೆಚ್ಚು ನೆಲ ಸವರುವುದರಿಂದ ಹೆಚ್ಚು ಮುಳ್ಳನ್ನೂ ಸಿಕ್ಕಿಸಿಕೊಳ್ಳುತ್ತದೆ. ಇದಕ್ಕೆ ಮದ್ದು ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್. ರಿಮ್ಮು ಒಪ್ಪಿದರೆ ಟ್ಯೂಬ್‌ಲೆಸ್ ಮಾಡಿಸಿ. ನಮ್ಮ ಬಿಸಿಲಿಗೆ ದ್ರವ ಬೇಗ ಒಣಗುತ್ತದೆ; ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಬೇಕು.

ತಪ್ಪು ಕಲ್ಪನೆ 5: “ಯಾವ ಎಂಟಿಬಿ ಗಾಲಿ ತಂದ್ರೂ ಕೂರತೈತಿ.”

ಸತ್ಯ: ಫ್ಯಾಟ್ ಬೈಕಿನ ಹಬ್, ಅಂದರೆ ಗಾಲಿಯ ನಡುಭಾಗ, ಅಗಲವಾದದ್ದು. ಮುಂದೆ 135 ಅಥವಾ 150 ಮಿ.ಮೀ., ಹಿಂದೆ 170, 177, 190 ಅಥವಾ 197. ಸಾಮಾನ್ಯ ಎಂಟಿಬಿಯ, ಅಂದರೆ ಮೌಂಟನ್ ಬೈಕಿನ, ಹಿಂದಿನ ಹಬ್ 135ರಿಂದ 148ರ ಒಳಗೇ ಇರುತ್ತದೆ. ಫ್ರೇಮು ಬಗ್ಗಿಸಿ, ವಾಷರ್ ತುರುಕಿ ಅದನ್ನು ಕೂರಿಸುವುದು ಅಪಾಯ. ಫ್ಯಾಟ್ ಹಬ್ಬಿಗೇ ಹೊಸ ರಿಮ್ಮು, ಕಡ್ಡಿ ಕಟ್ಟಿಸಬೇಕು. ಡಿಸ್ಕ್ ಬ್ರೇಕ್ ಇರುವುದು ಇಲ್ಲಿ ಅನುಕೂಲ: ಬ್ರೇಕು ಹಿಡಿಯುವುದು ಹಬ್ಬಿನ ಬಳಿ, ಹಾಗಾಗಿ ರಿಮ್ಮಿನ ಅಳತೆ ಬದಲಾದರೂ ಅದಕ್ಕೆ ತೊಂದರೆಯಿಲ್ಲ. ಟೈರಿಗೂ ಫ್ರೇಮಿಗೂ ನಡುವೆ ಎಲ್ಲ ಕಡೆ ಕಿರುಬೆರಳು ತೂರುವಷ್ಟಾದರೂ ಜಾಗ ಉಳಿಯಲಿ.

ಇಷ್ಟಾದ ಮೇಲೆ ಉಳಿಯುವುದು ‘ಬೇಸಿಗೆ ಗಾಲಿ’ ಎಂಬ ಮಾತೇ. ಅದು ಹಿಮದ ನಾಡಿನಿಂದ ಬಂದದ್ದು. ಅಲಾಸ್ಕಾದಂಥ ಕಡೆ ಚಳಿಗಾಲದ ಹಿಮಕ್ಕೆ ದಪ್ಪ ಟೈರು. ಹಿಮ ಕರಗಿದ ಮೇಲೆ ಬೇರೆ ಗಾಲಿ. ಅಮೆರಿಕದ ಸರ್ಲಿ ಕಂಪನಿ 2005ರಲ್ಲಿ ದಪ್ಪ ಟೈರಿನ ‘ಪಗ್ಸ್ಲಿ’ಯನ್ನೂ 2012ರಲ್ಲಿ 29ಕ್ಕೆ 3 ಇಂಚಿನ ಟೈರಿರುವ ‘ಕ್ರಾಂಪಸ್’ ಅನ್ನೂ ಮಾರುಕಟ್ಟೆಗೆ ತಂದ ಮೇಲೆ ಈ ಎರಡು ಗಾತ್ರಗಳ ಲೆಕ್ಕಾಚಾರ ಹಬ್ಬಿತು. ನಮ್ಮಲ್ಲಿ ಋತು ತಿರುವುಮುರುವು. ಮಾಗಳದ ಹೊಳೆಯ ಮರಳು ಬಯಲಾಗುವುದೇ ಬೇಸಿಗೆಯಲ್ಲಿ. ದಪ್ಪ ಟೈರಿಗೆ ಅದೇ ಸುಗ್ಗಿ. ಮೊದಲ ಮಳೆ ಬಿದ್ದು ಎರೆಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಅಂಟಿ ಗಾಲಿಯನ್ನೇ ಹಿಡಿದು ನಿಲ್ಲಿಸಿದಾಗ ತೆಳು ಟೈರು ನೆನಪಾಗಬೇಕು. ಎರಡನೇ ಜೊತೆ ಗಾಲಿ ಮಾಡಿಸುವುದಾದರೆ ಮಾಡಿಸಿ. ಏಪ್ರಿಲ್‌ನಲ್ಲಿ ಅಟ್ಟಕ್ಕೇರಿಸಿ, ಜೂನ್‌ನಲ್ಲಿ ಇಳಿಸಿ.