ಲ್ಯಾಟಿನ್ ಕಾವ್ಯದ ಮಾತುಗಾರಿಕೆ

ಲ್ಯಾಟಿನ್ ಎಂದೊಡನೆ ಅದು ಪಾದ್ರಿಗಳ ಪ್ರಾರ್ಥನೆಗೂ ವೈದ್ಯರ ಔಷಧದ ಚೀಟಿಗೂ ಸೇರಿದ ಭಾಷೆಯೆಂದು ನಾವು ದೂರ ಸರಿಯುವುದುಂಟು. ಆದರೆ ಎರಡು ಸಾವಿರ ವರ್ಷಗಳ ಹಿಂದಿನ ಆ ಭಾಷೆಯ ಕಾವ್ಯದ ಮರ್ಮವನ್ನು ಅರಿಯಲು, ಇಂಗ್ಲಿಷನ್ನಷ್ಟೇ ಬಲ್ಲವನಿಗಿಂತ ಕನ್ನಡಿಗನಿಗೆ ಸುಲಭವಾದ ದಾರಿಯೊಂದಿದೆ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳೇ ಆ ದಾರಿ.

‘ತಂದೆ ಮಗಳನ್ನು ನೋಡುತ್ತಾನೆ’ ಎಂದರೂ ‘ಮಗಳನ್ನು ತಂದೆ ನೋಡುತ್ತಾನೆ’ ಎಂದರೂ ನೋಡುವವನು ತಂದೆಯೇ. ‘ಅನ್ನು’ ಎಂಬ ಪ್ರತ್ಯಯ ಅರ್ಥವನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಈ ಎರಡು ಪದಗಳ ಸ್ಥಾನ ಅದಲುಬದಲಾದರೆ ಅರ್ಥವೇ ತಲೆಕೆಳಗಾಗುತ್ತದೆ. ಲ್ಯಾಟಿನ್ನಿನ ರೀತಿ ನಮ್ಮದರಂತೆಯೇ. ‘ಪಾತೆರ್ ಫಿಲಿಯಮ್ ವಿದೆತ್’ ಎಂಬಲ್ಲಿ ‘ಫಿಲಿಯ’ ಎಂದರೆ ಮಗಳು. ಕೊನೆಯ ‘ಮ್’ ನಮ್ಮ ‘ಅನ್ನು’ವಿನ ಕೆಲಸ ಮಾಡುತ್ತದೆ. ಪದಗಳನ್ನು ಹೇಗೆ ತಿರುಗಿಸಿದರೂ ಅರ್ಥ ಕೆಡದು.

ಒಂದು ವಿಷಯದಲ್ಲಿ ಅದು ನಮ್ಮನ್ನೂ ಮೀರಿದೆ. ‘ಎತ್ತರದ ಮರವನ್ನು’ ಎಂಬಲ್ಲಿ ಕನ್ನಡದ ವಿಶೇಷಣವು ನಾಮಪದದ ಮಗ್ಗುಲಲ್ಲೇ ನಿಲ್ಲಬೇಕು. ಲ್ಯಾಟಿನ್ನಿನಲ್ಲಿಯಾದರೋ, ಸಂಸ್ಕೃತದಂತೆ, ವಿಶೇಷಣಕ್ಕೂ ನಾಮಪದದ ಲಿಂಗ, ವಚನ, ವಿಭಕ್ತಿಗಳೇ ಬರುತ್ತವೆ. ಆದುದರಿಂದ ಕವಿಯು ‘ಎತ್ತರದ’ ಎಂಬುದನ್ನು ಸಾಲಿನ ಮೊದಲಿಗೂ ‘ಮರ’ವನ್ನು ಕೊನೆಗೂ ಇಡಬಲ್ಲನು. ಎತ್ತರವಾದುದು ಯಾವುದೆಂದು ಓದುಗನು ಸಾಲು ಮುಗಿಯುವವರೆಗೆ ಕಾಯಬೇಕು. ವರ್ಜಿಲ್, ಓವಿಡ್ ಮೊದಲಾದವರ ಶೈಲಿಯ ಸೊಗಸಿಗೆ ಇದೊಂದು ಮುಖ್ಯ ಕಾರಣ.

ಅವರ ಛಂದಸ್ಸೂ ನಮಗೆ ಅಪರಿಚಿತವಲ್ಲ. ಅಲ್ಲಿ ಪ್ರಾಸದ ಕಟ್ಟಿಲ್ಲ. ಲಘು ಗುರುಗಳ ಲೆಕ್ಕವಿದೆ. ವೀರಕಾವ್ಯದ ಸಾಲಿಗೆ ಆರು ಗಣಗಳು. ಮೊದಲ ಐದರಲ್ಲಿ ಒಂದೊಂದೂ ಗುರು-ಲಘು-ಲಘು, ಇಲ್ಲವೆ ಎರಡು ಗುರು, ಎಂದರೆ ನಾಲ್ಕು ಮಾತ್ರೆ. ಆರನೆಯದಕ್ಕೆ ಎರಡೇ ಅಕ್ಷರ. ಈ ಛಂದಸ್ಸನ್ನು ಗ್ರೀಕಿನಿಂದ ಲ್ಯಾಟಿನ್ನಿಗೆ ತಂದವನು ಕ್ರಿ. ಪೂ. 239ರಲ್ಲಿ ದಕ್ಷಿಣ ಇಟಲಿಯಲ್ಲಿ ಹುಟ್ಟಿದ ಎನ್ನಿಯಸ್. ಗ್ರೀಕ್, ಲ್ಯಾಟಿನ್ ಮತ್ತು ಆ ಸೀಮೆಯ ಆಸ್ಕನ್ ಭಾಷೆಗಳನ್ನು ಬಲ್ಲ ತನಗೆ ಮೂರು ಹೃದಯಗಳಿವೆಯೆಂದು ಅವನು ಹೇಳುತ್ತಿದ್ದನಂತೆ. ಮನೆಯಲ್ಲೊಂದು, ಬೀದಿಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯಾಡುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರೇಸ್ ಕವಿ (ಕ್ರಿ. ಪೂ. 65–8) ದಾಸ್ಯದಿಂದ ಬಿಡುಗಡೆ ಹೊಂದಿದವನ ಮಗ, ರೋಮಿನ ಖಜಾನೆಯಲ್ಲಿ ಗುಮಾಸ್ತನಾಗಿದ್ದವನು. ಬಳಸಿ ಸವೆದ ಪದವೂ ಜಾಣತನದಿಂದ ಜೋಡಿಸಿದಾಗ ಹೊಸದಾಗುತ್ತದೆಂದು ಅವನು ಕವಿಗಳಿಗೆ ತಿಳಿಸಿದನು. ಅನುವಾದದಲ್ಲಿ ಮೊದಲು ಕಳೆದುಹೋಗುವುದು ಈ ಜೋಡಣೆಯೇ. ಇಂಗ್ಲಿಷಿನಲ್ಲಿ ಓದಿದ ಲ್ಯಾಟಿನ್ ಕವಿತೆ ಸಪ್ಪೆಯೆನಿಸಿದರೆ ವಾಚಕರು ಕವಿಯನ್ನು ದೂರದಿರಲಿ. ಪ್ರತ್ಯಯಗಳು ಹಿಡಿದು ನಿಲ್ಲಿಸಿದ್ದ ಪದಗಳು ಅಲ್ಲಿ ತಮ್ಮ ಸ್ಥಾನ ಬಿಟ್ಟಿವೆಯೆಂಬುದನ್ನು ನೆನೆಯಲಿ.