ಕಾಡಿನಲ್ಲಿ ಬಿದ್ದ ಕೊಂಬು

ಬಂಡೀಪುರ, ನಾಗರಹೊಳೆ, ಭದ್ರಾ ಮೊದಲಾದ ಕಾಡುಗಳ ಅಂಚಿನಲ್ಲಿ ಹುಟ್ಟಿ ಬೆಳೆದವರಿಗೆ ದಾರಿಯಲ್ಲಿ ಬಿದ್ದಿರುವ ಜಿಂಕೆಯ ಕೊಂಬು ಹೊಸ ನೋಟವೇನಲ್ಲ. ಸೌದೆಗೋ ದನ ಮೇಯಿಸಲೋ ಹೋದವರ ಕಾಲಿಗೆ ಅದು ತಗಲುವುದುಂಟು. ಹಿಂದಿನ ಕಾಲದ ಬೇಟೆಗಾರರಂತೂ ಇಂಥ ಕೊಂಬು, ತಲೆಬುರುಡೆ, ಮೂಳೆಗಳನ್ನು ನೋಡಿಯೇ ಆ ಕಾಡಿನಲ್ಲಿ ಯಾವ ಯಾವ ಪ್ರಾಣಿಗಳಿವೆಯೆಂದು ಊಹಿಸುತ್ತಿದ್ದರು. ಆದರೆ ಕೊಂಬು ಕಂಡೊಡನೆ ಅಲ್ಲೊಂದು ಜಿಂಕೆ ಸತ್ತಿತೆಂದು ತಿಳಿಯುವವರೂ ಬಹಳ ಮಂದಿ. ಈ ತಿಳಿವಳಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕೊಂಬುಗಳಲ್ಲಿ ಎರಡು ಜಾತಿ. ಹಸು, ಆಡು, ಕಾಟಿ, ಕೃಷ್ಣಮೃಗ, ಕೊಂಡಕುರಿ ಇವುಗಳ ಕೊಂಬು ಒಳಗೆ ಮೂಳೆ, ಹೊರಗೆ ನಮ್ಮ ಉಗುರಿನಂಥ ವಸ್ತುವಿನ ಒರೆ. ಅದು ಕವಲೊಡೆಯುವುದಿಲ್ಲ; ಹುಟ್ಟಿದ ಮೇಲೆ ಬಾಳಿನುದ್ದಕ್ಕೂ ಬೆಳೆಯುತ್ತದೆ; ತಾನಾಗಿ ಬೀಳುವುದಿಲ್ಲ. ಚುಕ್ಕೆಜಿಂಕೆ, ಕಡವೆ, ಕಾಡುಕುರಿಗಳದಾದರೋ ಅಪ್ಪಟ ಮೂಳೆಯ ಕೊಂಬು. ಗಂಡಿಗೆ ಮಾತ್ರ ಇರುವ ಈ ಕೊಂಬು ಕಾಲಕಾಲಕ್ಕೆ ಕಳಚಿ ಬಿದ್ದು ಮತ್ತೆ ಹೊಸದಾಗಿ ಹುಟ್ಟುತ್ತದೆ. ಜಿಂಕೆಗಳ ಕುಲದಲ್ಲಿ ಹೆಣ್ಣಿಗೂ ಸಹಜವಾಗಿ ಕೊಂಬಿರುವುದು ಉತ್ತರಧ್ರುವದ ಕಡೆಯ ಹಿಮಸಾರಂಗಕ್ಕೆ ಮಾತ್ರ.

ಹೊಸ ಕೊಂಬು ಮೊಳೆಯುವಾಗ ಅದರ ಮೇಲೆ ಮಖಮಲ್ಲಿನಂತೆ ನವಿರಾದ ಚರ್ಮವಿರುತ್ತದೆ. ಆ ಚರ್ಮದ ರಕ್ತನಾಳಗಳು ಕೊಂಬಿಗೆ ಆಹಾರ ಒದಗಿಸುತ್ತವೆ. ಸಸ್ತನಿಗಳ ದೇಹದಲ್ಲಿ ಇಷ್ಟು ವೇಗವಾಗಿ ಬೆಳೆಯುವ ಅಂಗ ಮತ್ತೊಂದು ಸಿಗುವುದು ಕಷ್ಟ. ಬೇಕಾದ ಸುಣ್ಣ, ರಂಜಕಗಳ ಒಂದು ಪಾಲನ್ನು ಪ್ರಾಣಿ ತನ್ನ ಅಸ್ಥಿಪಂಜರದಿಂದಲೇ ಸಾಲ ತೆಗೆಯುತ್ತದೆ. ಕೆಲವು ತಿಂಗಳುಗಳ ನಂತರ ಗಂಡು ಹಾರ್ಮೋನು ಹೆಚ್ಚಿದಾಗ ಕೊಂಬು ಗಟ್ಟಿಯಾಗಿ, ರಕ್ತದ ಹರಿವು ನಿಂತು, ಚರ್ಮ ಒಣಗುತ್ತದೆ. ಪ್ರಾಣಿ ಅದನ್ನು ಮರಗಿಡಗಳಿಗೆ ಉಜ್ಜಿ ಕಳೆದುಕೊಳ್ಳುತ್ತದೆ. ಮುಂದೆ ಹೆಣ್ಣಿಗಾಗಿ ಕಾದಾಟ. ಆ ಕಾಲ ಕಳೆದು ಹಾರ್ಮೋನು ಇಳಿದಾಗ ಬುಡದ ಮೂಳೆ ಸವೆದು, ಕೊಂಬು ತನ್ನ ಭಾರಕ್ಕೆ ತಾನೇ ಕಳಚುತ್ತದೆ. ಚಳಿದೇಶಗಳ ಜಿಂಕೆಗಳು ಹೆಚ್ಚುಕಡಮೆ ಒಂದೇ ಋತುವಿನಲ್ಲಿ ಕೊಂಬು ಬಿಡುತ್ತವೆ. ನಮ್ಮ ಚುಕ್ಕೆಜಿಂಕೆಗಳಿಗೆ ಹಾಗಿಲ್ಲ; ಒಂದೇ ಹಿಂಡಿನಲ್ಲಿ ಗಟ್ಟಿಗೊಂಬಿನವೂ ಎಳೆಗೊಂಬಿನವೂ ಒಟ್ಟಿಗೆ ಕಾಣುತ್ತವೆ.

ಹೀಗಿರುವುದರಿಂದ ಬಿದ್ದ ಕೊಂಬನ್ನು ಕಂಡಾಗ ಮೊದಲು ನೋಡಬೇಕಾದುದು ಅದರ ಬುಡ. ಬಳೆಯಂಥ ಸುತ್ತುಕಟ್ಟಿನ ಕೆಳಗೆ ಒರಟಾದ ಮುಖವಷ್ಟೇ ಇದ್ದರೆ ಅದು ತಾನಾಗಿ ಕಳಚಿದ್ದು; ಅದರ ಒಡೆಯ ಎಲ್ಲೋ ಹಾಯಾಗಿ ಮೇಯುತ್ತಿರಬಹುದು. ತಲೆಬುರುಡೆಯ ಚೂರು ಅಂಟಿಕೊಂಡಿದ್ದರೆ ಪ್ರಾಣಿ ಸತ್ತದ್ದು ನಿಜ. ಬುಡದಲ್ಲಿ ಗರಗಸದ ಇಲ್ಲವೆ ಕತ್ತಿಯ ಗುರುತಿದ್ದರೆ ಅಲ್ಲಿ ಮನುಷ್ಯನ ಕೈ ಆಡಿದೆ. ಕವಲುಗಳನ್ನು ಎಣಿಸಿ ವಯಸ್ಸು ಹೇಳುವ ರೂಢಿಗೆ ಆಧಾರವಿಲ್ಲ. ಚುಕ್ಕೆಜಿಂಕೆಗೂ ಕಡವೆಗೂ ಪ್ರಾಯಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಒಂದೊಂದು ಕೊಂಬಿಗೆ ಮೂರೇ ಕವಲು. ವಯಸ್ಸನ್ನು ಹೇಳುವುದು ಹಲ್ಲಿನ ಸವೆತ.

ಉಳಿದ ದೇಹವೂ ತನ್ನ ಕಥೆಯನ್ನು ಹೇಳುತ್ತದೆ. ಹುಲಿ ಸಾಮಾನ್ಯವಾಗಿ ಹಿಂಭಾಗದಿಂದ ತಿನ್ನತೊಡಗುತ್ತದೆ; ಚಿರತೆ ಹೊಟ್ಟೆ, ಎದೆಯ ಕಡೆಯಿಂದ. ಸೀಳುನಾಯಿಗಳ ಹಿಂಡು ಬೇಗಬೇಗನೆ ತಿಂದು ಮುಗಿಸುತ್ತದೆ. ಹತ್ತಿರದಲ್ಲಿ ತಂತಿಯ ಉರುಲು ಕಂಡರೆ ಕೊಂದವರಾರೆಂದು ಹೇಳಬೇಕಾಗಿಲ್ಲ.

ಬಿದ್ದ ಕೊಂಬು ವ್ಯರ್ಥವಾಗುವುದಿಲ್ಲ. ಮುಳ್ಳುಹಂದಿ, ಇಲಿಗಳು ಅದನ್ನು ಕೊರೆದು ತಿನ್ನುತ್ತವೆ. ಸಾಲುಸಾಲಾದ ಹಲ್ಲಿನ ಗೀರುಗಳೇ ಅದಕ್ಕೆ ಸಾಕ್ಷಿ. ಜಿಂಕೆಗಳೂ ಕೊಂಬು, ಮೂಳೆಗಳನ್ನು ಅಗಿಯುವುದುಂಟು. ಹೀಗೆ ಕಾಡಿನ ಸುಣ್ಣ ಮತ್ತೆ ಕಾಡಿಗೇ ಸೇರುತ್ತದೆ. ಹಿಂದೆ ಕಡವೆಯ ಕೊಂಬು ಇಂಗ್ಲೆಂಡಿನ ಶೆಫೀಲ್ಡಿನ ಚಾಕುಗಳಿಗೆ ಹಿಡಿಯಾಗಿ ಹೋಗುತ್ತಿತ್ತು. ವೈದ್ಯರು ಜಿಂಕೆಯ ಕೊಂಬಿನಿಂದ ಶೃಂಗಭಸ್ಮ ಮಾಡುತ್ತಿದ್ದರು. ಕೊಂಬಿಗೆ ಬೆಲೆ ಬಂದಾಗ, ಬಿದ್ದದ್ದನ್ನು ಆರಿಸುವ ನೆಪದಲ್ಲಿ ಇದ್ದದ್ದನ್ನು ಕೊಲ್ಲುವವರೂ ಹುಟ್ಟಿಕೊಳ್ಳುತ್ತಾರೆ. ಮಾರಾಟಕ್ಕೆ ಬಂದ ಕೊಂಬು ಬಿದ್ದದ್ದೋ ಕಿತ್ತದ್ದೋ ಎಂದು ಪರೀಕ್ಷಿಸುತ್ತ ಕೂರುವವರಾರು?

ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಏರ್ಪಟ್ಟಿತು. 1973ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ತಡೆದುದಲ್ಲದೆ, ಕಾಡುಪ್ರಾಣಿಯ ಕೊಂಬು, ಮೂಳೆ, ಹಲ್ಲುಗಳನ್ನೂ ತನ್ನ ಹಿಡಿತಕ್ಕೆ ತೆಗೆದುಕೊಂಡಿದೆ. ಸತ್ತು ಬಿದ್ದ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅಂಥ ಸ್ವತ್ತು ಕೈಗೆ ಬಂದವರು 48 ಗಂಟೆಗಳೊಳಗೆ ಹತ್ತಿರದ ಪೊಲೀಸು ಠಾಣೆಗಾಗಲಿ ಅಧಿಕಾರಿಗಾಗಲಿ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ. ಅಭಯಾರಣ್ಯದಿಂದ ಅಪ್ಪಣೆಯಿಲ್ಲದೆ ಏನನ್ನೂ ಹೊತ್ತು ತರುವಂತಿಲ್ಲ. ಅಂದಕ್ಕೆಂದು ಗೋಡೆಗೆ ತೂಗುಹಾಕಿದ ಕೊಂಬು ಬಡ ಸಂಸಾರವೊಂದನ್ನು ಕೋರ್ಟಿನ ಮೆಟ್ಟಿಲು ಹತ್ತಿಸಬಹುದು.

ಆದುದರಿಂದ ಕಾಡಿನಂಚಿನ ಊರುಗಳಿಂದ ಬರುವ ನಮ್ಮ ವಿದ್ಯಾರ್ಥಿಮಿತ್ರರು ಈ ಸಂಗತಿಯನ್ನು ತಮ್ಮ ಮನೆಯವರಿಗೂ ನೆರೆಯವರಿಗೂ ತಿಳಿಸುವುದು ಒಳ್ಳೆಯದು. ಕೊಂಬು ಕಂಡರೆ ಬುಡವನ್ನು ನೋಡಿ. ಅದು ಹೇಳುವುದನ್ನು ತಿಳಿದುಕೊಳ್ಳಿ. ತಾನಾಗಿ ಕಳಚಿದ್ದಾದರೆ ಇದ್ದಲ್ಲೇ ಬಿಡಿ. ಕತ್ತಿಯ ಗುರುತೋ ಉರುಲೋ ಕಂಡರೆ ಮುಟ್ಟದೆ, ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿ.