ಹಾಜರಿ ಇನ್ನೂರು, ಹೂಂಗುಟ್ಟುವವರು ಯಾರೂ ಇಲ್ಲ!

2020ರ ಮಾರ್ಚ್‌ನಲ್ಲಿ ಕಾಲೇಜುಗಳಿಗೆ ಬೀಗ ಬಿತ್ತು, ಪಾಠ ಮೊಬೈಲಿಗೆ ಇಳಿಯಿತು. ಗಲ್ಲಾಪೆಟ್ಟಿಗೆ ಪಕ್ಕ ಫೋನು ಪಾಠ ಒದರುತ್ತಿತ್ತು, ಹುಡುಗ ಗಿರಾಕಿಗೆ ಬೇಳೆ ತೂಗುತ್ತಿದ್ದ. ಹಾಜರಿ ಮಾತ್ರ ಭರ್ತಿ! ಮೇಷ್ಟ್ರು “ಅರ್ಥ ಆಯ್ತೇನ್ರಪ್ಪಾ?” ಅಂದರೆ ಆ ಕಡೆ ಗಪ್‌ಚುಪ್.

ಬೀಗ ತೆಗೆದು ವರ್ಷಗಳಾದವು, ಆನ್‌ಲೈನ್ ಪಾಠ ಮಾತ್ರ ಹೋಗಲಿಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ನಲ್ಲಿ ಎಷ್ಟೋ ಕೋರ್ಸಿಗೆ ಸಾವಿರಗಟ್ಟಲೆ ಜನ. ಹೆಸರು ಬರೆಸುವುದು ಸುಲಭ, ಕೊನೆ ಮುಟ್ಟುವುದು ಕಷ್ಟ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಕೋರ್ಸಿಗೆ ಸೇರಿದವರು ಸುಮಾರು 1,60,000 ಮಂದಿ. ಮುಗಿಸಿದವರು ಸುಮಾರು 23,000.

ಮದ್ದು ಇಲ್ಲವೇ? ಇದೆ, ಅದೂ ಹಳೆಯದು. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಜೂರ್ 1991ರಲ್ಲೇ ತುಂಬಿದ ಕ್ಲಾಸಿನಲ್ಲಿ ಭಾಷಣ ಬಿಟ್ಟು ಪ್ರಶ್ನೆ ಹಿಡಿದರು. ಮೊದಲು ಪ್ರತಿಯೊಬ್ಬನೂ ತಾನೇ ಯೋಚಿಸಿ ಓಟು ಹಾಕಬೇಕು. ಸರಿ ಅಂದವರು ಶೇಕಡ 30ರಿಂದ 70ರೊಳಗಿದ್ದರೆ ಪಕ್ಕದವನ ಜೊತೆ ವಾದ, ಮತ್ತೊಮ್ಮೆ ಓಟು. ಅದಕ್ಕಿಂತ ಕಮ್ಮಿಯಾದರೆ ಮೇಷ್ಟ್ರೇ ಮತ್ತೆ ಹೇಳಬೇಕು. ಜಾಸ್ತಿಯಾದರೆ ಪಾಠ ಮುಂದಕ್ಕೆ.

ಒಂದು ಲೆಕ್ಕ ತಗೊಳ್ಳಿ. ನೂರು ರೂಪಾಯಿ ಮಾಲಿಗೆ ಶೇಕಡ 20 ಏರಿಸಿ, ಏರಿದ ಬೆಲೆಯಲ್ಲಿ ಶೇಕಡ 20 ಇಳಿಸಿದರೆ ಎಷ್ಟು? “ನೂರೇ” ಅನ್ನುವವರು ಬೇಕಾದಷ್ಟು. 96 ಅಂದವನು ನೂರು ಅಂದವನನ್ನು ಒಪ್ಪಿಸಬೇಕು. ಅಲ್ಲಿ ಶುರು ನೋಡಿ ಜಗಳ, ಅಲ್ಲೇ ಪಾಠ!

ಮೊಬೈಲಿನಲ್ಲಿ ಇದು ಆಗುತ್ತದೆ. ಓಟಿಗೆ ಪೋಲ್ ಇದೆ, ವಾದಕ್ಕೆ ನಾಲ್ಕು ನಾಲ್ಕು ಜನರ ಕೋಣೆಗಳಿವೆ. ಇನ್ನೊಂದು ಉಪಾಯ: ಎಲ್ಲರೂ ಉತ್ತರ ಟೈಪ್ ಮಾಡಿ ಕಾಯುವುದು, ಮೇಷ್ಟ್ರು “ಕಳಿಸಿ” ಅಂದಾಗ ಒಟ್ಟಿಗೇ ಒತ್ತುವುದು. ಕಾಪಿ ಹೊಡೆಯಲು ಪುರಸೊತ್ತೇ ಇಲ್ಲ! ಬಾಂಬೆ ಐಐಟಿಯವರು ಮೇಷ್ಟ್ರುಗಳಿಗೆ ನಡೆಸಿದ ಕೋರ್ಸುಗಳಲ್ಲಿ ವಿಡಿಯೋ ನಡುವೆಯೇ ತಡೆದು ಪ್ರಶ್ನೆ ಹಾಕಿದರು. ಯೋಚಿಸಿ ಬರೆದ ಮೇಲೆಯೇ ಮುಂದಿನ ಮಾತು.

ಖರ್ಚಿಲ್ಲ ಅಂತಲ್ಲ. ಗಂಟೆಗೆ ಮೂರು ಪ್ರಶ್ನೆ ಹಾಕಿದರೆ ಸಿಲೆಬಸ್ ಹಿಂದೆ ಬೀಳುತ್ತದೆ. ಇನ್ನೂರು ಜನರಿಗೆ ಒಬ್ಬರೇ ಮೇಷ್ಟ್ರು ಸಾಲದು, ಕೋಣೆ ಕೋಣೆ ಸುತ್ತಲು ಸಹಾಯಕರು ಬೇಕು. ತಪ್ಪು ಉತ್ತರಕ್ಕೆ ಮಾರ್ಕು ಕಡಿದರಂತೂ ಯಾರೂ ಬಾಯಿ ಬಿಡುವುದಿಲ್ಲ. ಇನ್ನು ಹಳ್ಳಿ ಬಸ್ಸಿನಲ್ಲಿ ಸಿಗ್ನಲ್ ಕಳಕೊಂಡ ಹುಡುಗಿಯ ಗತಿ? ಅದೇ ಪ್ರಶ್ನೆಯನ್ನು ವಾಟ್ಸಾಪಿಗೆ ಹಾಕಿ ರಾತ್ರಿವರೆಗೆ ಟೈಮು ಕೊಡಬೇಕು. ಫೀಸು ಅವಳೂ ಕಟ್ಟಿದ್ದಾಳಲ್ಲ!